ಅಡುಗೆಮನೆ ಬಾಗಿಲಿನ ತುಂಗಭದ್ರೆ

ನನ್ನ ಪೌಡರ್ ಡಬ್ಬಿಯಲ್ಲಿ ಇನ್ನೂ ಅರ್ಧದಷ್ಟು ಪೌಡರ್ ಇತ್ತು. ಅದನ್ನು ಹಳೆಯ ಪೇಪರಿನ ಮೇಲೆ ಸುರಿದು, ಖಾಲಿ ಡಬ್ಬಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ ನಮ್ಮ ಮನೆಯವರು, "ಎಂಜಿನ್ ಬಾಯ್ಲರಿಗೆ ಹೇಳಿ ಮಾಡಿಸಿದಂಗೈತೆ" ಅಂದರು. ಪೌಡರ್ ಏನು ಮಾಡಲಿ ಎಂದು ಕೇಳಿದೆ. ಹಚ್ಚಿಕೋ ಅಂದರು. ಆ ದಿನ ಪೂರ್ತಿ ನಾನು ಅವರ ಜೊತೆ ಮಾತಾಡಲಿಲ್ಲ. ಅದು ಅವರ ಗಮನಕ್ಕೆ ಬರಲೂ ಇಲ್ಲ.

ಅವರು ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದರು. ಮಾವನವರದು ಮಂಡಿಪೇಟೆಯಲ್ಲಿ ಅರಳೆ ವ್ಯಾಪಾರ. ಒಬ್ಬನೇ ಮಗ ಅಂಗಡಿಯಲ್ಲಿ ಕೂರದೆ ಮಿಲ್ಲಿನ ಎಣ್ಣೆ ಕೈಯಾದನಲ್ಲ ಎಂಬ ಸಂಕಟ ಮಾವನವರಿಗೆ ಮೊದಲೇ ಇತ್ತು. ಅದರ ಮೇಲೆ ಇದೊಂದು ಶುರುವಾಯಿತು. ಯಾವುದೋ ಭಾನುವಾರ ಇವರು ರದ್ದಿ ಅಂಗಡಿಯಿಂದ ಒಂದು ಇಂಗ್ಲಿಷ್ ಪತ್ರಿಕೆ ತಂದಿದ್ದರು. ಅದರಲ್ಲಿ ಕೋಟು ಹಾಕಿದ, ಬೋಳು ತಲೆಯ ದೊರೆಯೊಬ್ಬ ತನ್ನ ಮನೆಯ ಕೋಣೆ ತುಂಬ ಪುಟ್ಟ ರೈಲು ಹಾಸಿಕೊಂಡು ನಗುತ್ತಿದ್ದ. ಗುಡ್ಡ, ಸುರಂಗ, ಎರಡು ಸೇತುವೆ, ಸ್ಟೇಷನ್ನು, ಎಲ್ಲ ಮೊಣಕಾಲೆತ್ತರಕ್ಕೆ. ಓದಲು ಇವರಿಗೆ ಅಷ್ಟು ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಚಿತ್ರ ನೋಡಿದ ಮೇಲೆ ಇವರು ಊಟದ ತಟ್ಟೆಯ ಮುಂದೆ ಕೂತರೂ ಅನ್ನದಲ್ಲಿ ಬೆರಳಿನಿಂದ ಕಂಬಿ ಎಳೆಯತೊಡಗಿದರು.

ದಾವಣಗೆರೆಯಿಂದ ಹರಿಹರಕ್ಕೆ ಒಂದು ರೈಲು ದಾರಿ, ನಮ್ಮ ಪಡಸಾಲೆಯಲ್ಲಿ. ಇದು ಅವರ ಯೋಜನೆ. ಪಡಸಾಲೆಯ ಉದ್ದದ ಗೋಡೆಗೆ, ಮೊದಲು ಅರಳೆ ಚೀಲ ಒಟ್ಟುತ್ತಿದ್ದ ಜಾಗದಲ್ಲಿ, ಇಟ್ಟಿಗೆ ಜೋಡಿಸಿ ಅದರ ಮೇಲೆ ಚಹಾ ಪೆಟ್ಟಿಗೆಯ ಹಲಗೆಗಳನ್ನು ಹಾಸಿದರು. ಬೀದಿ ಬಾಗಿಲ ಕಡೆಯ ತುದಿ ದಾವಣಗೆರೆ, ಅಡುಗೆಮನೆ ಬಾಗಿಲ ಕಡೆಯದು ಹರಿಹರ. ಹತ್ತಿ ಬೇಲುಗಳಿಗೆ ಬಿಗಿಯುತ್ತಾರಲ್ಲ ಕಬ್ಬಿಣದ ಪಟ್ಟಿ, ಅದನ್ನು ಸಣ್ಣಗೆ ಸೀಳಿ, ನೆಟ್ಟಗೆ ನಿಲ್ಲಿಸಿ ಕಂಬಿ ಮಾಡಿದರು. ಕೆಳಗಿನ ಅಡ್ಡಪಟ್ಟಿಗಳೆಲ್ಲ ಮರದ ಚೂರುಗಳು. ಒಂದೊಂದರಲ್ಲೂ ಗರಗಸದಿಂದ ಎರಡೆರಡು ಗೀರು ಹಾಕಿ ಕಂಬಿ ಕೂರಿಸಬೇಕು. ಎರಡು ಕಂಬಿಗಳ ನಡುವಿನ ಅಂತರ ಒಂದು ಬೆಂಕಿಪೊಟ್ಟಣದ ಅಗಲ. ಆ ಬೆಂಕಿಪೊಟ್ಟಣವನ್ನು ಒಲೆ ಹಚ್ಚಲು ತೆಗೆದುಕೊಂಡರೆ ಮನೆಯಲ್ಲಿ ರಂಪವಾಗುತ್ತಿತ್ತು. ಮಿಲ್ಲಿನಲ್ಲಿ ಒಡೆದು ಬಿಸಾಕಿದ ಮರದ ಬಾಬಿನುಗಳನ್ನು ಕೊಯ್ದು ಗಾಲಿ ಮಾಡಿದರು. ಎಂಜಿನ್ನಿನ ಹೊಟ್ಟೆಯೊಳಗೆ ಕೆಟ್ಟು ಕೂತಿದ್ದ ಅಲಾರಾಂ ಗಡಿಯಾರದ ಸ್ಪ್ರಿಂಗು, ಮೇಲೆ ನನ್ನ ಪೌಡರ್ ಡಬ್ಬಿ. ಕಪ್ಪು ಬಣ್ಣ ಬಳಿದ ಮೇಲೂ ಅದರ ಹತ್ತಿರ ಮೂಗು ಒಯ್ದರೆ ಗುಲಾಬಿಯ ವಾಸನೆ ಬರುತ್ತಿತ್ತು.

ಅತ್ತೆಯವರು ಮೊದಲ ದಿನವೇ ಹೊಂದಿಕೊಂಡರು. ಮಗ ಮನೆಯಲ್ಲಿ ಕಣ್ಣೆದುರಿಗೆ ಕೂತಿರುತ್ತಾನೆ ಎನ್ನುವುದಷ್ಟೇ ಅವರಿಗೆ ಬೇಕಿದ್ದದ್ದು. ಮಾವನವರು ಮಾತ್ರ ಅಂಗಡಿಯಿಂದ ಬಂದವರು ರುಮಾಲು ಬಿಚ್ಚುತ್ತ, "ಕೂಸು ಹುಟ್ಟೋಕೆ ಮೊದ್ಲೇ ಅಪ್ಪ ಆಟಿಗಿ ಸಾಮಾನು ಮಾಡಾಕತ್ಯಾನೆ" ಎಂದು ಗೋಡೆಗೆ ಹೇಳಿದರು.

ಕೂಸಿನ ಮಾತು ಬಂತು. ನಾನು ಆಗ ಬಸುರಿ, ಚೊಚ್ಚಲು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ನನ್ನ ತವರು ಹರಿಹರ, ನಿಜವಾದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಆ ಅರ್ಧ ಗಂಟೆಯ ದಾರಿಯನ್ನು ನಾನು ಮದುವೆಯಾದ ಮೇಲೆ ಎರಡು ವರ್ಷವಾದರೂ ತುಳಿದಿರಲಿಲ್ಲ.

ಕಾರಣ ಕೇಳಿದರೆ ಈಗ ನಗುತ್ತೀರಿ. ಮದುವೆ ಹರಿಹರದಲ್ಲಿ ನಮ್ಮ ಮನೆಯ ಮುಂದೆಯೇ ಆದದ್ದು. ದಿಬ್ಬಣ ಹತ್ತು ಗಂಟೆಯ ಪ್ಯಾಸೆಂಜರಿಗೆ ಬರುತ್ತದೆಂದು ಮಾತಾಗಿತ್ತು. ಅಪ್ಪ ವಾದ್ಯದವರನ್ನು, ಬಂಧುಗಳನ್ನು ಆ ಹೊತ್ತಿಗೆ ಸ್ಟೇಷನ್ನಿಗೆ ಬರಲು ಹೇಳಿದ್ದರು. ಆದರೆ ಮಾವನವರಿಗೆ ರೈಲಿನ ವಿಷಯದಲ್ಲಿ ಒಂದು ಭಯ. ಗಾಡಿ ಬಿಟ್ಟು ಹೋದೀತೆಂದು ಎರಡು ಗಂಟೆ ಮೊದಲೇ ಸ್ಟೇಷನ್ನಿಗೆ ಹೋಗಿ ಕೂರುವ ಮನುಷ್ಯ. ಅವತ್ತು ಹಾಗೆ ಹೋದಾಗ ಅದಕ್ಕಿಂತ ಮೊದಲಿನ ಗಾಡಿ ತಡವಾಗಿ ಬಂದು ನಿಂತಿತ್ತು. ಹೇಗಿದ್ದರೂ ಹರಿಹರಕ್ಕೆ ಹೋಗುವುದೇ ತಾನೇ ಎಂದು ಇಡೀ ದಿಬ್ಬಣವನ್ನು ಅದರೊಳಗೆ ತುಂಬಿಬಿಟ್ಟರು. ಹರಿಹರದಲ್ಲಿ ಇಳಿದರೆ ಪ್ಲಾಟ್‌ಫಾರ್ಮಿನ ಮೇಲೆ ಒಂದು ನಾಯಿ ಬಿಟ್ಟು ಎದುರುಗೊಳ್ಳುವವರು ಯಾರೂ ಇಲ್ಲ. ಬೀಗರು ಬಂದು ಎದುರುಗೊಳ್ಳದೆ ಹೆಜ್ಜೆ ಕಿತ್ತಿಡಬಾರದೆಂದು ಮಾವನವರು ಟ್ರಂಕಿನ ಮೇಲೆ ಕೂತರು, ಎಲ್ಲರನ್ನೂ ಕೂರಿಸಿದರು. ಒಂದು ಗಂಟೆಗೂ ಮೀರಿ ಹಾಗೆ ಕೂತ ಮೇಲೆ ಅಪ್ಪ ಹೇಳಿದ ಹೊತ್ತಿಗೆ ಸರಿಯಾಗಿ ವಾದ್ಯ ಊದಿಸಿಕೊಂಡು ಬಂದರು.

"ಹೇಳಿದ ಗಾಡಿಗೆ ಬರಬೇಕಿತ್ರಿ ಬೀಗ್ರೆ" ಎಂದರು ಅಪ್ಪ.

"ಹೆಣ್ಣು ಕೊಡೋರು ಒಂದು ಗಾಡಿ ಮೊದ್ಲೇ ಬಂದು ಕಾಯಬೇಕಿತ್ರಿ" ಎಂದರು ಮಾವನವರು.

ಅಷ್ಟೇ. ಮದುವೆ ನಡೆಯಿತು, ಊಟವಾಯಿತು, ನಾನು ದಾವಣಗೆರೆಗೆ ಬಂದೆ. ಆ ಎರಡು ಮಾತು ಮಾತ್ರ ಇಬ್ಬರ ಗಂಟಲಲ್ಲೂ ಹಾಗೇ ಉಳಿದವು. ಸೊಸೆಯನ್ನು ತವರಿನವರು ಬಂದು ಕರೆದರೆ ಮಾತ್ರ ಕಳಿಸುವುದು ನಮ್ಮಲ್ಲಿನ ಪದ್ಧತಿ. ನನಗೆ ಅಣ್ಣತಮ್ಮಂದಿರಿಲ್ಲ, ಅಪ್ಪನೇ ಬರಬೇಕು. "ಕರಿಯಾಕ ಬರ್ಲಿ, ಕಳಿಸ್ತೀನಿ. ನಾನಾಗಿ ಕಳಿಸಿದ್ರೆ ಮನೀಂದ ತಳ್ಳಿದಂಗಾಗುತ್ತೆ" ಅನ್ನುವುದು ಮಾವನವರ ನ್ಯಾಯ. "ಬಾ ಅಂತ ಹೇಳಿಕಳಿಸ್ಲಿ, ಹೋಗ್ತೀನಿ. ಕರೀದಿದ್ದ ಮನಿಗೆ ಹೆಂಗೆ ಹೋಗ್ಲಿ" ಅನ್ನುವುದು ಅಪ್ಪನ ನ್ಯಾಯ. ಇಬ್ಬರದೂ ನ್ಯಾಯವೇ. ನಡುವೆ ಒಣಗುತ್ತಿದ್ದವಳು ನಾನು. ಮಲೆಬೆನ್ನೂರಿನಲ್ಲಿ ನಂಟರ ಮದುವೆಯೊಂದರಲ್ಲಿ ಅವ್ವ ಸಿಕ್ಕಿದ್ದಳು. ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ನಿಂತು ನನ್ನ ಕೈ ಹಿಡಿದುಕೊಂಡು, "ಏಳನೇ ತಿಂಗಳಾಗ ಕರ್ಕಂಡು ಹೋಗ್ತೀನಿ ತಗೋ" ಎಂದಿದ್ದಳು. ಹೇಗೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ನಮ್ಮ ಮನೆಯವರನ್ನು ಕೇಳಿದರೆ ಕಂಬಿಗೆ ಅರ ಹಾಕುತ್ತ, "ಅಪ್ಪ ಹೂಂ ಅನ್ಲಿ" ಎನ್ನುತ್ತಿದ್ದರು. ಕಬ್ಬಿಣವನ್ನು ಬೇಕಾದ ಹಾಗೆ ಬಗ್ಗಿಸುವ ಗಂಡಸು ಅಪ್ಪನ ಮುಂದೆ ತಾನೇ ಬಗ್ಗಿ ನಿಲ್ಲುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಆದರೂ ಸುಳ್ಳು ಹೇಳಲಾರೆ, ಆ ರೈಲಿನ ಮೇಲೆ ನನಗೆ ಆಸೆ ಹುಟ್ಟಿತು. ಒಂದು ಸಂಜೆ ಎಂಜಿನ್ನು ಮೂರು ಡಬ್ಬಿಗಳನ್ನು ಎಳೆದುಕೊಂಡು ಕಿರಕಿರ ಎನ್ನುತ್ತ ದಾವಣಗೆರೆಯಿಂದ ಹೊರಟು, ಮಾವನವರ ಕುರ್ಚಿಯ ಮುಂದೆ ಹಾದು, ನಾನು ಕೂತಿದ್ದ ಹರಿಹರಕ್ಕೆ ಬಂದು ನಿಂತಿತು. ಅತ್ತೆಯವರು ಅಡುಗೆಮನೆಯಿಂದಲೇ ಕೈಮುಗಿದರು. ಮರುದಿನ ಮಾವನವರು ಅಂಗಡಿಯಿಂದ ಬರುವಾಗ ಬೆಳ್ಳನೆಯ ಅರಳೆ ಒಂದು ಹಿಡಿ ತಂದು, ಸಣ್ಣ ಸಣ್ಣ ಉಂಡೆ ಮಾಡಿ, "ಗೂಡ್ಸ್ ಡಬ್ಬಿ ಖಾಲಿ ಓಡಿಸಬಾರ್ದು" ಎಂದು ತುಂಬಿದರು. ಅದರ ಮರುದಿನ ಜೇಬು ಗಡಿಯಾರ ಹೊರಬಂತು. ಒಂದು ವಾರದಲ್ಲಿ ದಾವಣಗೆರೆ ಸ್ಟೇಷನ್ನಿನ ಮಾಸ್ತರಿಕೆ ಪೂರ್ತಿ ಅವರದಾಯಿತು. ಸಂಜೆ ಲಿಂಗಪೂಜೆ ಮುಗಿಸಿ, ವಿಭೂತಿ ಹಣೆಯಲ್ಲೇ ಕುರ್ಚಿ ಎಳೆದುಕೊಂಡು ಕೂತರೆ, ಗಡಿಯಾರದ ಮುಳ್ಳು ಗೆರೆ ಮುಟ್ಟುವವರೆಗೆ ಗಾಡಿ ಬಿಡುವಂತಿರಲಿಲ್ಲ. ಒಮ್ಮೆ ಮಗ ಅರ್ಧ ನಿಮಿಷ ಮೊದಲೇ ಬಿಟ್ಟನೆಂದು ಹಿಡಿದು ನಿಲ್ಲಿಸಿ ವಾಪಸ್ಸು ತಂದಿಟ್ಟರು. ಮದುವೆಯ ದಿನ ಈ ಶಿಸ್ತು ಎಲ್ಲಿ ಹೋಗಿತ್ತೋ ಎಂದು ನಾನು ಒಳಗೊಳಗೇ ಅಂದುಕೊಂಡೆ.

ಎಂಜಿನ್ನು ತಾನಾಗಿ ತಿರುಗುತ್ತಿರಲಿಲ್ಲ. ಹರಿಹರದಲ್ಲಿ ಯಾರಾದರೂ ಅದನ್ನು ಎತ್ತಿ, ತಿರುಗಿಸಿ, ಕೀಲಿ ಕೊಟ್ಟು ಕಳಿಸಬೇಕು. ಆ ಕೆಲಸ ನನ್ನದು. ಹೀಗೆ ದಿನಾ ಸಂಜೆ ಮೂರು ಸಲ ಹರಿಹರಕ್ಕೆ ಗಾಡಿ ಬರುತ್ತಿತ್ತು, ಮೂರು ಸಲವೂ ನಾನು ಅಲ್ಲಿರುತ್ತಿದ್ದೆ.

ಹರಿಹರವನ್ನು ಇವರು ನನ್ನ ಬಾಯಿಂದ ಕೇಳಿಕೊಂಡೇ ಕಟ್ಟಿದರು. ಇದೊಂದಕ್ಕೆ ನಾನು ಅವರ ಎಲ್ಲ ತಪ್ಪನ್ನೂ ಕ್ಷಮಿಸಿದ್ದೇನೆ. ಸ್ಟೇಷನ್ನಿನ ಮುಂದೆ ಯಾವ ಮರ, ಬೇಲಿ ಎಲ್ಲಿ ಮುರಿದಿದೆ, ಜಟಕಾಗಳು ಎಲ್ಲಿ ನಿಲ್ಲುತ್ತವೆ, ನಮ್ಮಪ್ಪನ ಕಟ್ಟಿಗೆ ಅಡ್ಡೆಗೆ ಎಷ್ಟು ಹೆಜ್ಜೆ ಎಂದು ಕೇಳುತ್ತಿದ್ದರು. ನಾನು ಹೇಳುತ್ತ ಹೋದೆ. ಒಣಗಿದ ತೊಗರಿ ಕಡ್ಡಿಯ ಬೇವಿನ ಮರ ಎದ್ದಿತು. ಪೇಪರು ನೆನೆಸಿ ಮೈದಾ ಅಂಟಿನಲ್ಲಿ ಕಲಸಿ ಮಾಡಿದ ದೇವಸ್ಥಾನದ ಗೋಪುರ ಎದ್ದಿತು. ಅಡ್ಡೆಯ ಮುಂದೆ ಬೆಂಕಿಕಡ್ಡಿಗಳನ್ನು ದಿಮ್ಮಿಗಳಂತೆ ಒಟ್ಟಿ, ಪಕ್ಕದಲ್ಲಿ ಒಂದು ಮಣ್ಣಿನ ಗೊಂಬೆ ನಿಲ್ಲಿಸಿದರು. ಗೊಂಬೆಯ ಕೈಯಲ್ಲಿ ಕೊಡೆ. ನಮ್ಮಪ್ಪ ಬಿಸಿಲಿರಲಿ ಮೋಡವಿರಲಿ ಕೊಡೆ ಬಿಟ್ಟವರಲ್ಲ. ಮಾವನವರು ಅದನ್ನು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಕಿತ್ತು ಎಸೆಯುತ್ತಾರೆಂದುಕೊಂಡೆ. ಎಸೆಯಲಿಲ್ಲ.

ಆಮೇಲೆ ಹೊಳೆ ಬಂತು. ಸೇತುವೆ ಇಲ್ಲದ ರೈಲು ದಾರಿ ಇವರಿಗೆ ಸಪ್ಪೆ ಅನ್ನಿಸಿತಂತೆ. ಪತ್ರಿಕೆಯ ದೊರೆಯ ಮನೆಯಲ್ಲಿ ಎರಡು ಸೇತುವೆ ಇದ್ದವಲ್ಲ. ತುಂಗಭದ್ರೆಯ ಸೇತುವೆ ಇರುವುದು ಹರಿಹರ ದಾಟಿದ ಮೇಲೆ, ಊರಿನ ಪಡುವಣಕ್ಕೆ. ಆದರೆ ನಮ್ಮ ಹಲಗೆ ಹರಿಹರಕ್ಕೇ ಮುಗಿದು, ಅದರಾಚೆ ಅಡುಗೆಮನೆ ಬಾಗಿಲು. ಜಾಗವಿಲ್ಲವೆಂದು ಇವರು ಹೊಳೆಯನ್ನು ತಂದು ದಾವಣಗೆರೆಗೂ ಹರಿಹರಕ್ಕೂ ನಡುವೆ ಹರಿಸಿಬಿಟ್ಟರು. ಹಳೆಯ ದೇವರ ಪಟದ ಗಾಜು, ಕೆಳಗೆ ನೀಲಿ ಕಾಗದ, ಮೇಲೆ ಸೈಕಲ್ ಕಡ್ಡಿಗಳ ಸೇತುವೆ. ಚೆನ್ನಾಗಿಯೇ ಇತ್ತು. ದೇವರ ಗಾಜು ಹೊಳೆಯಾದರೆ ತಪ್ಪಲ್ಲ, ಗಂಗೆಯೂ ದೇವರೇ ಎಂದು ಅತ್ತೆಯವರು ತೀರ್ಪು ಕೊಟ್ಟರು.

ನಾನು ಹರಿಹರದ ತುದಿಯಲ್ಲಿ ಕೂತು ನೋಡಿದೆ. ಈ ಮನೆಗೂ ನನ್ನ ತವರಿಗೂ ನಡುವೆ ಒಂದು ಹೊಳೆ. ಏನೋ ತಡೆಯಲಾಗಲಿಲ್ಲ.

"ಇದು ಇಲ್ಲಿರೋದಲ್ಲ. ತೆಗೀರಿ" ಅಂದೆ.

"ಇರ್ಲಿ ಬಿಡವ್ವ, ನೋಡಾಕ ಚಂದೈತೆ" ಅಂದರು ಮಾವನವರು, ಗಡಿಯಾರ ಒರೆಸುತ್ತ.

ಮಾವನವರ ಎದುರು ನಾನು ಅಲ್ಲಿಯವರೆಗೆ ದನಿ ಎತ್ತಿದವಳಲ್ಲ. ಅವತ್ತು ಎದ್ದು ನಿಂತೆ. "ನಮ್ಮೂರಿಗೂ ನಿಮ್ಮೂರಿಗೂ ನಡುವೆ ಹೊಳೆ ಇಲ್ಲ ಮಾವ. ಇದ್ದಿದ್ರೆ ಅದ್ಕೊಂದು ಸೇತುವೆನಾದ್ರೂ ಇರ್ತಿತ್ತು" ಎಂದು ಅಡುಗೆಮನೆಗೆ ಹೋಗಿ ಕೂತೆ. ಆ ಸಂಜೆ ಗಾಡಿ ಓಡಲಿಲ್ಲ.

ಆಗ ನನಗೆ ಆರು ತಿಂಗಳು. ಗಂಡಸರ ನ್ಯಾಯ ಮುಗಿಯುವವರೆಗೆ ಕಾಯ್ದರೆ ಕೂಸು ಅಡ್ಡಾಡತೊಡಗುತ್ತದೆ ಅನ್ನಿಸಿತು. ಮರುದಿನ ಅವ್ವನಿಗೆ ಒಂದು ಕಾರ್ಡು ಬರೆದೆ. ಅವ್ವನಿಗೆ ಓದು ಬಾರದು, ಓದಿ ಹೇಳುವವರು ಅಪ್ಪ. ಅದು ಗೊತ್ತಿದ್ದೇ ಬರೆದದ್ದು. ಆರೋಗ್ಯ, ಮಳೆ ಎಲ್ಲ ಬರೆದು ಕೊನೆಗೆ, "ಇಲ್ಲಿ ನಿಮ್ಮ ಅಳಿಯ ಆಟದ ರೈಲು ಮಾಡಿದ್ದಾರೆ. ಅದರಲ್ಲಿ ಹೊಳೆಯನ್ನು ಹರಿಹರದ ಈಚೆಗೆ ಇಟ್ಟಿದ್ದಾರೆ. ಎಲ್ಲರೂ ಬಂದು ನೋಡಿ ಚೆನ್ನಾಗಿದೆ ಅನ್ನುತ್ತಾರೆ" ಎಂದು ಸೇರಿಸಿದೆ. ಬಾ ಎಂದು ಬರೆಯಲಿಲ್ಲ. ಬರೆದಿದ್ದರೆ ಅಪ್ಪ ಬರುತ್ತಿರಲಿಲ್ಲ.

ನಾಲ್ಕನೆಯ ದಿನ ಸಂಜೆ, ಮಾವನವರು ಗಡಿಯಾರ ಹಿಡಿದು ಕೂತಿರುವಾಗ, ಬೀದಿ ಬಾಗಿಲಲ್ಲಿ ಒಂದು ಕೊಡೆ ಕಾಣಿಸಿತು. ಹಿಂದೆ ನಮ್ಮಪ್ಪ. ಒಳಗೆ ಬನ್ನಿ ಅನ್ನುವಷ್ಟು ಹೊತ್ತನ್ನೂ ಯಾರಿಗೂ ಕೊಡಲಿಲ್ಲ.

"ಎಲ್ಲೈತಿ ಹೊಳೆ?" ಅಂದರು.

ಮಾವನವರು ಬೆರಳು ತೋರಿಸಿದರು. ಅಪ್ಪ ಚಪ್ಪಲಿ ಬಿಟ್ಟು ಬಂದು ಹಲಗೆಯ ಮೇಲೆ ಬಗ್ಗಿದರು. ಸೇತುವೆ ನೋಡಿದರು, ಗೋಪುರ ನೋಡಿದರು, ಕೊಡೆ ಹಿಡಿದ ಗೊಂಬೆಯ ಹತ್ತಿರ ಒಂದು ಕ್ಷಣ ತಡೆದರು. ಆಮೇಲೆ ಕೊಡೆಯ ತುದಿಯಿಂದ ಗಾಜನ್ನು ಮುಟ್ಟಿ, "ಮೊನ್ನೆಮೊನ್ನೆವರೆಗೂ ಹೊಳೆ ಆಚೆ ಬೊಂಬಾಯಿ ಸರ್ಕಾರ ಇತ್ತು, ಈಚೆ ನಮ್ಮ ಮೈಸೂರು. ಹೊಳೇನ ಇಲ್ಲಿಗೆ ತಂದು ನೀವು ಹರಿಹರಾನ ಬೊಂಬಾಯಿಗೆ ಕೊಟ್ಟುಬಿಟ್ರಲ್ರಿ" ಅಂದರು.

"ಜಾಗ ಇಲ್ರಿ ಮಾವ" ಎಂದರು ಇವರು, ತಪ್ಪು ಮಾಡಿದ ಶಾಲೆ ಹುಡುಗನ ಹಾಗೆ.

"ಜಾಗ ಇಲ್ಲಂತ ಊರು ಕೇರಿ ಅದಲುಬದಲು ಮಾಡ್ತಾರೇನ್ರಿ?"

"ಹಂಗಾರೆ ಎಲ್ಲಿ ಇಡೋಣ, ನೀವೇ ಹೇಳ್ರಿ" ಎಂದರು ಮಾವನವರು. ಎರಡು ವರ್ಷದ ನಂತರ ಅಪ್ಪನಿಗೆ ಅವರು ಆಡಿದ ಮೊದಲ ಮಾತು ಅದು.

ಅಪ್ಪ ಅಡುಗೆಮನೆ ಬಾಗಿಲಿಗೆ ಬಂದರು. ಬಾಗಿಲಲ್ಲಿ ನಾನು ನೀರಿನ ಲೋಟ ಹಿಡಿದು ನಿಂತಿದ್ದೆ. ನನ್ನ ಮುಖ ನೋಡಿದರು, ಹೊಟ್ಟೆ ನೋಡಿದರು, ತಕ್ಷಣ ಕಣ್ಣು ಬೇರೆ ಕಡೆ ಹೊರಳಿಸಿ ಬಾಗಿಲ ಅಗಲವನ್ನು ಗೇಣಿನಲ್ಲಿ ಅಳೆಯತೊಡಗಿದರು. ಈ ಬಾಗಿಲಿಗೆ ಅಡ್ಡವಾಗಿ ಒಂದು ಹಲಗೆ, ಒಂದು ಕಡೆ ಕೀಲು, ಬೇಕಾದಾಗ ಮೇಲಕ್ಕೆ ಎತ್ತಬಹುದು. ಅದರ ಮೇಲೆ ಹೊಳೆ, ಸೇತುವೆ. ಹೇಳಿ ಮುಗಿಸಿ ಹೊರಟೇಬಿಟ್ಟರು. ನಾನು ಲೋಟ ಚಾಚಿದೆ. "ಈಗ ಬ್ಯಾಡವ್ವ" ಅಂದರು. ಮುನಿಸಿರುವ ಮನೆಯಲ್ಲಿ ನೀರು ಕುಡಿಯುವುದಿಲ್ಲ ಎಂಬ ಹಟ ಇನ್ನೂ ಉಳಿದಿತ್ತು. ಅವರು ಹೋದ ಮೇಲೆ ಆ ನೀರನ್ನು ನಾನೇ ಕುಡಿದೆ, ಅಳುತ್ತ.

ಮುಂದಿನ ವಾರ ಅಪ್ಪ ಮತ್ತೆ ಬಂದರು, ಅಡ್ಡೆಯಿಂದ ಒಂದು ತೇಗದ ಹಲಗೆ ಹೊರಿಸಿಕೊಂಡು. ಅದರ ನುಣುಪು ನೋಡಿದರೆ ಎರಡು ದಿನ ತಾವೇ ಉಜ್ಜಿದ್ದಾರೆಂದು ನನಗೆ ಗೊತ್ತಾಯಿತು. ಇವರು ಕೀಲು ಬಡಿದರು. ಅಪ್ಪ ಒಂದು ತುದಿ ಹಿಡಿದರು, ಮಾವನವರು ಇನ್ನೊಂದು ತುದಿ. "ನಿಮ್ಮ ಕಡೆ ಒಂದೀಟು ಮ್ಯಾಲಕ್ಕ ಎತ್ರಿ ಬೀಗ್ರೆ." "ಆತು ತಗೋರಿ." ಒಬ್ಬರ ಪಕ್ಕ ಒಬ್ಬರು ನೆಲಕ್ಕೆ ಮೊಣಕಾಲೂರಿ, ಕಂಬಿಗೆ ಕಂಬಿ ಕೂಡುತ್ತದೋ ಇಲ್ಲವೋ ಎಂದು ಒಂದೊಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಗಾಜನ್ನು ಹಳೆಯ ಜಾಗದಿಂದ ಕಿತ್ತು ಹಲಗೆಯ ಮೇಲೆ ಕೂರಿಸಿದಾಗ ಹೊಳೆ ತನ್ನ ಜಾಗಕ್ಕೆ ಹೋಯಿತು. ಅಂದಿನಿಂದ ಅತ್ತೆಯವರು ಅಡುಗೆಮನೆಯಿಂದ ಬರಬೇಕಾದರೆ, "ಯಾರಾರ ಹೊಳೆ ಎತ್ರಪ್ಪ, ಚಾ ಆರತೈತೆ" ಎಂದು ಕೂಗಬೇಕಾಯಿತು.

ಮೊದಲ ಗಾಡಿ ದಾವಣಗೆರೆ ಬಿಟ್ಟು, ಹರಿಹರದಲ್ಲಿ ನಿಂತು, ಮತ್ತೆ ಕೀಲಿ ಕೊಟ್ಟ ಮೇಲೆ ಸೇತುವೆ ದಾಟಿ ಅಡುಗೆಮನೆಯ ಗೋಡೆಗೆ ಹೋಗಿ ಮುಟ್ಟಿತು. ಅಪ್ಪ ಕೇಳಿ ನೀರು ಇಸಿದುಕೊಂಡು ಕುಡಿದರು. ಕೊಡೆ ಕಂಕುಳಲ್ಲಿ ಇಟ್ಟುಕೊಂಡು ಎದ್ದು ನಿಂತರು, ಆದರೆ ಹೋಗಲಿಲ್ಲ. ಈಗ ನನ್ನನ್ನು ಕರೆಯದೆ ಹೋದರೆ ಇನ್ನು ಕರೆಯುವುದಿಲ್ಲ.

ಮಾವನವರು ಜೇಬು ಗಡಿಯಾರ ನೋಡಿದರು. "ನಿಮ್ಮ ಗಾಡಿಗೆ ಇನ್ನೂ ಹೊತ್ತೈತೆ" ಅಂದರು. ಗಡಿಯಾರವನ್ನು ಜೇಬಿಗಿಳಿಸಿ, "ಏಳು ತುಂಬಾಕ ಬಂತು. ಹುಡುಗೀನ ಕರ್ಕಂಡು ಹೋಗ್ರಿ ಬೀಗ್ರೆ. ಹೊಳೆ ನೀವು ಹೇಳಿದ ಕಡೀಗೇ ಐತೋ ಇಲ್ಲೋ ನೋಡ್ಕಂಡು ಬರ್ಲಿ" ಅಂದರು.

ನನ್ನ ಟ್ರಂಕು ಕಟ್ಟಲು ಅತ್ತೆಯವರಿಗೆ ಕಾಲು ಗಂಟೆ ಸಾಕಾಯಿತು. ಅರ್ಧ ಕಟ್ಟಿಟ್ಟಿದ್ದರೆಂದು ಕಾಣುತ್ತದೆ.

ಹರಿಹರದಲ್ಲಿ ಮಗ ಹುಟ್ಟಿದ. ಅವ್ವನ ಕೈಯಡುಗೆ, ಅವ್ವನ ಬೈಗುಳ, ಅವ್ವನ ಎಣ್ಣೆನೀರು, ಎಲ್ಲ ಎರಡು ವರ್ಷದ ಬಾಕಿ ಸೇರಿಸಿ ಸಿಕ್ಕಿತು. ಮಧ್ಯೆ ಒಮ್ಮೆ ಇವರು ಬಂದು ಮಗನನ್ನು ನೋಡಿ, ಸ್ಟೇಷನ್ನಿನ ಬೇಲಿ ನಿಜಕ್ಕೂ ಎಲ್ಲಿ ಮುರಿದಿದೆಯೆಂದು ಅಳೆದುಕೊಂಡು ಹೋದರು. ಮಾವನವರು ಬರಲಿಲ್ಲ. ಮೊಮ್ಮಗನನ್ನು ನೋಡಲು ಹರಿಹರದ ಪ್ಲಾಟ್‌ಫಾರ್ಮಿನ ಮೇಲೆ ಮತ್ತೆ ಇಳಿಯುವುದು ಅವರಿಂದ ಆಗಲಿಲ್ಲವೇನೋ. ಅಪ್ಪ ಇದನ್ನು ಬಾಯಿಬಿಟ್ಟು ಅನ್ನಲಿಲ್ಲ, ಆದರೆ ಮನಸ್ಸಿಗೆ ಹಚ್ಚಿಕೊಂಡಿದ್ದರು.

ಬಾಣಂತನದ ಐದನೆಯ ತಿಂಗಳಲ್ಲಿ ಅಪ್ಪ ಅವ್ವ ನನ್ನನ್ನೂ ಕೂಸನ್ನೂ ಕರೆದುಕೊಂಡು ದಾವಣಗೆರೆಗೆ ಹೊರಟರು. ಮಧ್ಯಾಹ್ನದ ಗಾಡಿಗೆ ಬರುತ್ತೇವೆಂದು ಮೊದಲೇ ಕಾರ್ಡು ಹಾಕಿದ್ದೆವು. ದಾರಿಯುದ್ದಕ್ಕೂ ಅಪ್ಪ ಕಿಟಕಿಯ ಹೊರಗೇ ನೋಡುತ್ತಿದ್ದರು. ಸ್ಟೇಷನ್ನಿಗೆ ಯಾರೂ ಬಂದಿರದಿದ್ದರೆ ಅದನ್ನೂ ನುಂಗಬೇಕಲ್ಲ ಎಂಬ ಯೋಚನೆ ಇತ್ತೆಂದು ಆಮೇಲೆ ಅವ್ವ ಹೇಳಿದಳು.

ಗಾಡಿ ನಿಂತಾಗ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮಾವನವರು ಕೂತಿದ್ದರು. ಹೊಸ ರುಮಾಲು, ಕೈಯಲ್ಲಿ ತಾಮ್ರದ ಚೊಂಬು, ಅದರಲ್ಲಿ ಕೂಸಿಗೆ ದೃಷ್ಟಿ ತೆಗೆಯುವ ನೀರು. ಪಕ್ಕದಲ್ಲಿ ನಿಂತಿದ್ದ ನಮ್ಮ ಮನೆಯವರು ನನ್ನ ಕಿವಿಯ ಹತ್ತಿರ, "ಬೆಳಿಗ್ಗಿ ಗಾಡಿಯಿಂದ ಕುಂತಾರೆ. ಉಪ್ಪಿಟ್ಟೂ ಇಲ್ಲಿಗೇ ತರಿಸ್ಕಂಡ್ರು" ಅಂದರು.

ಅಪ್ಪನಿಗೂ ಅದು ಕೇಳಿಸಿತು. "ಮಧ್ಯಾಹ್ನ ಅಂತ ಬರ್ದಿದ್ವಲ್ರಿ ಬೀಗ್ರೆ, ಇಷ್ಟು ಮೊದ್ಲೇ ಯಾಕ ಬಂದ್ರಿ?" ಎಂದರು.

ಮಾವನವರು ಚೊಂಬಿನ ನೀರನ್ನು ಕೂಸಿನ ಸುತ್ತ ಇಳಿಸಿ ಕಂಬಿಯ ಮೇಲೆ ಚೆಲ್ಲಿದರು. ಕೂಸನ್ನು ಇಸಿದುಕೊಂಡರು. ಆಮೇಲೆ ಅಪ್ಪನ ಮುಖ ನೋಡಿ ಹೇಳಿದರು. "ನನ್ನಂಗ ನೀವೂ ಅವಸರ ಮಾಡಿ ಮೊದ್ಲಿನ ಗಾಡಿ ಹತ್ತಿದ್ರೆ? ಬಂದೋರು ಬಂದು ಸುಮ್ನೆ ಕೂಡಬಾರ್ದು ಅಂತ, ಒಂದು ಗಾಡಿ ಮೊದ್ಲೇ ಬಂದೆ."

ಅಪ್ಪ ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. ಟ್ರಂಕನ್ನು ಹಮಾಲಿಗೆ ಕೊಡಲು ಬಿಡದೆ ಒಂದು ಕಡೆ ತಾವು ಹಿಡಿದರು, ಇನ್ನೊಂದು ಕಡೆ ಅಳಿಯ ಹಿಡಿದರು. ಮಾವನವರು ಮುಂದೆ, ಮೊಮ್ಮಗನಿಗೆ ಜೇಬು ಗಡಿಯಾರ ತೋರಿಸುತ್ತ ನಡೆದರು.